ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಬೀದಿಗೋಡೆಯ ಚಿತ್ರ

ಬೀದಿಬದಿಯ ಗೋಡೆಚಿತ್ರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮಳೆಯ ಬಗ್ಗೆ, ಉಳಿದವು ನೆರೆಹೊರೆಯ ಬಗ್ಗೆ. ಕರಾವಳಿಯಲ್ಲಿ ಗೋಡೆಗೆ ಬಣ್ಣ ಹಚ್ಚುವವರಿಗೆ ಈ ಎರಡರಿಂದಲೂ ತಪ್ಪಿಸಿಕೊಳ್ಳಲಾಗದು. ಗೋಡೆಚಿತ್ರ ಬಿಡಿಸುವವರು, ಪೇಂಟಿಂಗ್ ಕೆಲಸ ಬಲ್ಲವರು, ವಾರ್ಡು ಮಟ್ಟದಲ್ಲಿ ಇಂಥ ಕೆಲಸಗಳಿಗೆ ಜನ ಕೂಡಿಸುವವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ರಸ್ತೆಯ ತಿರುವಿನಲ್ಲಿ ವರ್ಷಗಳಿಂದ ಕಸದ ರಾಶಿ. ಅಲ್ಲಿನ ಗೋಡೆಗೆ ಚಿತ್ರ ಬಿಡಿಸಿದರೆ ಕಸ ಹಾಕುವುದು ನಿಲ್ಲುತ್ತದೆ ಎನ್ನುತ್ತಾರೆ. ನಿಜವೇ?
— ಸ್ವಸಹಾಯ ಸಂಘದ ಸದಸ್ಯೆ, ಮಂಗಳೂರು

ಉತ್ತರ: ನಿಲ್ಲುತ್ತದೆ. ಆದರೆ ಚಿತ್ರ ಆ ಕೆಲಸದ ಕೊನೆಯ ಹಂತವಾಗಿರಬೇಕು, ಮೊದಲನೆಯದಲ್ಲ. ಕಸದ ಮೇಲೆಯೇ ಬಣ್ಣ ಹಚ್ಚಿ ಹೋದ ಕಡೆಗಳಲ್ಲಿ ಹದಿನೈದು ದಿನಕ್ಕೆ ಚೀಲಗಳು ವಾಪಸ್ ಬರುತ್ತವೆ, ಇಲ್ಲವೇ ಐವತ್ತು ಹೆಜ್ಜೆ ಆಚೆಯ ಇನ್ನೊಂದು ಗೋಡೆಯ ಬುಡಕ್ಕೆ ಸರಿಯುತ್ತವೆ.

ಮೊದಲ ಒಂದು ವಾರ ಏನೂ ಮಾಡದೆ ಬರೀ ನೋಡಿ. ಯಾವ ಹೊತ್ತಿಗೆ ಕಸ ಬೀಳುತ್ತದೆ, ಯಾರು ಹಾಕುತ್ತಾರೆ, ಚೀಲದೊಳಗೆ ಏನಿದೆ? ಬೆಳಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುವ ಬಾಡಿಗೆಮನೆಯವರು ಕಸದ ಗಾಡಿ ಬರುವಾಗ ಮನೆಯಲ್ಲಿ ಇರುವುದಿಲ್ಲ. ಗಾಡಿ ನುಗ್ಗದ ಓಣಿಯವರು ಚೀಲ ಹಿಡಿದು ರಸ್ತೆಯವರೆಗೆ ಬಂದು ಅಲ್ಲೇ ಇಟ್ಟು ಹೋಗುತ್ತಾರೆ. ಸಂಜೆಯ ಗೂಡಂಗಡಿಯದ್ದು ಬೇರೆ ಲೆಕ್ಕ. ಮೂರಕ್ಕೂ ಪರಿಹಾರ ಬೇರೆ ಬೇರೆ, ಅದು ಸಿಗುವವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ. ಪಾಲಿಕೆಯ ಆರೋಗ್ಯ ವಿಭಾಗದ ಮೇಲ್ವಿಚಾರಕರ ಹತ್ತಿರ ಕೂತು ಮಾತಾಡಿದರೆ ಗಾಡಿಯ ಹೊತ್ತು ಅರ್ಧ ಗಂಟೆ ಆಚೀಚೆ ಆಗುವುದುಂಟು. ಬೆಳಗ್ಗೆ ಇಲ್ಲದವರ ಚೀಲವನ್ನು ಪಕ್ಕದ ಮನೆಯವರು ಗಾಡಿಗೆ ಕೊಡುವ ಏರ್ಪಾಡನ್ನು ನಿಮ್ಮ ಸಂಘದವರೇ ಮಾಡಬಹುದು.

ಆಮೇಲೆ ಒಂದೇ ದಿನದಲ್ಲಿ ರಾಶಿ ಎತ್ತಿಸಿ, ನೆಲ ಕೆರೆದು ತೊಳೆದು, ತಗ್ಗಿದ್ದರೆ ಕೆಂಪು ಮಣ್ಣು ಹಾಕಿ ಬಡಿದು ಸಮ ಮಾಡಿ. ಬೀದಿದೀಪ ಕೆಟ್ಟಿದ್ದರೆ ಅದೇ ವಾರ ಸರಿಮಾಡಿಸಿ. ಕತ್ತಲೆಯಲ್ಲಿ ಎಂಥ ಚಂದದ ಚಿತ್ರವೂ ಕೆಲಸ ಮಾಡದು. ಚಿತ್ರ ಇದರ ನಂತರ. ಗೋಡೆಯ ಕೆಳಗಿನ ಎರಡು ಅಡಿಗೆ ಚಿತ್ರ ಬೇಡ, ಬರೀ ಕಾವಿ ಕೆಂಪು ಬಳಿಯಿರಿ. 2010ರಿಂದ ಬೆಂಗಳೂರಿನಲ್ಲಿ ಹೆಸರು ಹೇಳಿಕೊಳ್ಳದೆ ಬೀದಿಮೂಲೆಗಳನ್ನು ಸರಿಪಡಿಸುತ್ತ ಬಂದ ‘ದಿ ಅಗ್ಲಿ ಇಂಡಿಯನ್’ ಬಳಗದವರ ಗೋಡೆಗಳಲ್ಲಿ ಈ ಕೆಂಪು ಪಟ್ಟಿಯನ್ನು ಕಾಣಬಹುದು. ಎಲೆಯಡಿಕೆಯ ಉಗುಳಿನ ಕಲೆ ಅದರ ಮೇಲೆ ಎದ್ದು ಕಾಣುವುದಿಲ್ಲ. ನಮ್ಮಲ್ಲಿ ಇನ್ನೊಂದು ಲಾಭವಿದೆ: ಮಳೆಗಾಲದಲ್ಲಿ ಬಸ್ಸಿನ ಚಕ್ರ ಎರಚುವ ಕೆಸರೂ ಅದೇ ಬಣ್ಣದ್ದು.

ಚಿತ್ರ ಮುಗಿದ ಮೇಲಿನ ಎರಡು ವಾರ ನಿರ್ಣಾಯಕ. ದಿನಾ ಬೆಳಗ್ಗೆ ಮತ್ತು ರಾತ್ರಿ ಒಬ್ಬರಾದರೂ ಅಲ್ಲಿ ನಿಂತಿರಬೇಕು, ಬಿದ್ದ ಮೊದಲ ಚೀಲವನ್ನು ಆಗಲೇ ಎತ್ತಬೇಕು. ಒಂದು ಚೀಲ ರಾತ್ರಿಯಿಡೀ ಉಳಿದರೆ ಬೆಳಗ್ಗೆ ಹತ್ತು ಇರುತ್ತವೆ. ಮಂಗಳೂರಿನ ರಾಮಕೃಷ್ಣ ಮಿಷನ್ ನಡೆಸಿದ ಸ್ವಚ್ಛತಾ ಅಭಿಯಾನದಲ್ಲಿ ಗೋಡೆಚಿತ್ರವೂ ಒಂದು ಭಾಗವಾಗಿತ್ತು, ಆದರೆ ಅದರ ಬೆನ್ನೆಲುಬು ಪೊರಕೆ ಹಿಡಿದು ಮತ್ತೆ ಮತ್ತೆ ಬಂದ ಜನ. ಗೋಡೆ ಹೇಳಬೇಕಾದದ್ದು ಇಷ್ಟೇ: ಈ ಜಾಗಕ್ಕೆ ಕೇಳುವವರಿದ್ದಾರೆ. ಕೇಳುವವರು ಇಲ್ಲದಿದ್ದರೆ ಗೋಡೆ ಸುಳ್ಳು ಹೇಳಿದಂತಾಗುತ್ತದೆ, ಜನಕ್ಕೆ ಅದು ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ಶಾಲೆಯ ಕಂಪೌಂಡ್ ಗೋಡೆಗೆ ಜನವರಿಯಲ್ಲಿ ಮಕ್ಕಳಿಂದ ಚಿತ್ರ ಮಾಡಿಸಿದೆವು. ಆಗಸ್ಟಿನಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದು ಬಂತು. ಒಳ್ಳೆಯ ಕಂಪನಿಯ ಬಣ್ಣವನ್ನೇ ತಂದಿದ್ದೆವು. ತಪ್ಪಿದ್ದೆಲ್ಲಿ?
— ಶಿಕ್ಷಕಿ, ಕಾಪು

ಉತ್ತರ: ಬಣ್ಣದಲ್ಲಿ ಅಲ್ಲ, ಗೋಡೆಯೊಳಗಿನ ನೀರಿನಲ್ಲಿ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಾಲ್ಕೇ ತಿಂಗಳಲ್ಲಿ. ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಸ್ಪಂಜಿನಂತೆ ನೀರು ಕುಡಿಯುತ್ತದೆ. ಆ ನೀರು ಬಿಸಿಲು ಬಂದಾಗ ಹೊರಗೆ ಬರಲೇಬೇಕು. ಮುಂದೆ ಬಣ್ಣದ ಪದರ ಅಡ್ಡ ನಿಂತರೆ ಅದನ್ನು ತಳ್ಳಿಕೊಂಡೇ ಬರುತ್ತದೆ. ಉಬ್ಬಿದ ಕಡೆ ಕೈಯಿಂದ ಸುಲಿದು ನೋಡಿ: ಹಿಂಬದಿಯಲ್ಲಿ ಬಿಳಿ ಹುಡಿ ಅಂಟಿದ್ದರೆ ಅದು ಗೋಡೆಯ ಉಪ್ಪು. ನೀರಿನ ಜತೆ ಹೊರಬಂದು, ನೀರು ಆರಿದ ಮೇಲೆ ಬಣ್ಣದಡಿಯಲ್ಲಿ ಹರಳುಗಟ್ಟಿ ಪದರವನ್ನು ಎಬ್ಬಿಸಿದೆ.

ನೀರು ಎಲ್ಲಿಂದ ಹೊಕ್ಕಿತು ಎಂಬುದನ್ನು ಮೊದಲು ಪತ್ತೆಮಾಡಿ. ಹೆಚ್ಚಿನ ಕಂಪೌಂಡ್ ಗೋಡೆಗಳಲ್ಲಿ ಅದು ಗೋಡೆಯ ನೆತ್ತಿಯಿಂದ. ನೆತ್ತಿ ಚಪ್ಪಟೆಯಾಗಿದ್ದು ಬಿರುಕು ಬಿಟ್ಟಿದ್ದರೆ ಮಳೆನೀರು ಅಲ್ಲೇ ನಿಂತು ಕೆಳಗಿಳಿಯುತ್ತದೆ. ನೆತ್ತಿಗೆ ಒಂದು ಬದಿಗೆ ಇಳಿಜಾರು ಬರುವಂತೆ ಸಿಮೆಂಟ್ ಗಾರೆ ಹಾಕಿಸಿ, ಅಂಚು ಗೋಡೆಯಿಂದ ಎರಡು ಇಂಚು ಹೊರಗೆ ಚಾಚಿರಲಿ, ಚಾಚಿದ ಭಾಗದ ಅಡಿಯಲ್ಲಿ ಬೆರಳಗಲದ ಗೀರು ಇರಲಿ. ನೀರು ಆ ಗೀರಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಚಿತ್ರದ ಮೇಲೆ ಹರಿಯುವುದಿಲ್ಲ. ಒಬ್ಬ ಮೇಸ್ತ್ರಿಗೆ ಒಂದೆರಡು ದಿನದ ಕೆಲಸ. ಬಣ್ಣಕ್ಕೆ ಖರ್ಚು ಮಾಡುವುದಕ್ಕಿಂತ ಮೊದಲು ಹಣ ಇಲ್ಲಿಗೆ ಹೋಗಲಿ.

ಗೋಡೆಯ ಹಿಂದೆ ಎತ್ತರದ ಮಣ್ಣಿದೆಯೇ? ಹಾಗಿದ್ದರೆ ಅದು ಕಂಪೌಂಡ್ ಗೋಡೆಯಲ್ಲ, ತಡೆಗೋಡೆ. ಘಟ್ಟದ ಬುಡದಿಂದ ಕಡಲವರೆಗೆ ನಮ್ಮ ರಸ್ತೆಗಳು ಗುಡ್ಡ ಕಡಿದೇ ಆದವು, ಇಂಥ ಗೋಡೆಗಳು ಹೆಜ್ಜೆಹೆಜ್ಜೆಗೆ ಸಿಗುತ್ತವೆ. ಅವುಗಳಲ್ಲಿ ನೀರು ಹೊರಹೋಗಲು ಬಿಟ್ಟ ತೂತುಗಳನ್ನು ಎಂದಿಗೂ ಮುಚ್ಚಬೇಡಿ. ಚಿತ್ರದ ಅಂದಕ್ಕೆಂದು ತೂತಿಗೆ ಸಿಮೆಂಟ್ ತುಂಬಿದರೆ ನೀರಿನ ಒತ್ತಡಕ್ಕೆ ಗೋಡೆಯೇ ಜರಿಯಬಹುದು. ತಡೆಗೋಡೆಯ ಮೇಲೆ ಯಾವ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆಬಣ್ಣ) ಕೂಡ ಬಹಳ ಕಾಲ ನಿಲ್ಲದು. ಅಲ್ಲಿ ಚಿತ್ರ ಬೇಕೇಬೇಕು ಎಂದಾದರೆ 8 ಮಿಲಿಮೀಟರ್ ದಪ್ಪದ ಸಿಮೆಂಟ್ ಫೈಬರ್ ಹಲಗೆಗಳ ಮೇಲೆ ಬಿಡಿಸಿ, ಗೋಡೆಯಿಂದ ಒಂದು ಇಂಚು ಬಿಟ್ಟು ಚೌಕಟ್ಟಿಗೆ ಬಿಗಿಸಿ. ತಿರುಪು ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. ಸಾದಾ ಕಬ್ಬಿಣದ್ದಾದರೆ ಕಡಲಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕಿನ ಗೆರೆ ಇಳಿಯುತ್ತದೆ.

ಗೋಡೆ ಆರಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಮರುದಿನ ಅದೇ ಹೊತ್ತಿಗೆ ನೋಡಿ. ಒಳಬದಿಯಲ್ಲಿ ಬೆವರು ಕಂಡರೆ ಕಾಯಬೇಕು. ಗೋಡೆಯ ಬುಡದಲ್ಲಿ, ನಡುವೆ, ಮೇಲೆ ಹೀಗೆ ಮೂರು ಕಡೆ ಮಾಡಿ, ಏಕೆಂದರೆ ಬುಡ ಎಲ್ಲಕ್ಕಿಂತ ಕೊನೆಗೆ ಆರುತ್ತದೆ. ಹೊಸ ಸಿಮೆಂಟ್ ಸಾರಣೆಯಾದರೆ 28 ದಿನ ಬಿಡಿ. ಅದಕ್ಕೂ ಮೊದಲು ಹಚ್ಚಿದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ, ಗಾಢ ಬಣ್ಣಗಳಲ್ಲಿ ಬಿಳಿಚಿದ ಕಲೆ ಏಳುತ್ತದೆ.

ಪಾಚಿಯನ್ನು ಬರೀ ಬ್ರಷ್ಷಿನಿಂದ ಉಜ್ಜಿದರೆ ಬೇರು ಒಳಗೇ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಕೈಗವಸು, ಕನ್ನಡಕ ಕಡ್ಡಾಯ. ಮಕ್ಕಳು ಈ ಕೆಲಸಕ್ಕೆ ಬೇಡ. ಬ್ಲೀಚಿನ ಜತೆ ಆಸಿಡ್ ಅಥವಾ ಶೌಚಾಲಯ ತೊಳೆಯುವ ದ್ರವ ಸೇರಿದರೆ ವಿಷದ ಗಾಳಿ ಏಳುತ್ತದೆ, ಒಂದೇ ಬಕೆಟ್ಟನ್ನೂ ಬಳಸಬೇಡಿ. ಬಳಿಕ ಮೂರು ನಾಲ್ಕು ದಿನ ಒಳ್ಳೆಯ ಬಿಸಿಲು ಬೀಳಲಿ.

ಇನ್ನು ಎರಡು ತಪ್ಪುಗಳನ್ನು ನಮ್ಮೂರಲ್ಲಿ ಬಹಳ ಮಂದಿ ಮಾಡುತ್ತಾರೆ. ಒಂದು, ನುಣುಪಾಗಲಿ ಎಂದು ಹೊರಗೋಡೆಗೆ ಪುಟ್ಟಿ ಬಳಿಯುವುದು. ಪುಟ್ಟಿ ನೀರು ಕುಡಿದು ಬಣ್ಣದ ಸಮೇತ ಉದುರುತ್ತದೆ, ಸಾರಣೆಯ ತರಿ ತರಿ ಮೇಲ್ಮೈಯೇ ಬಣ್ಣಕ್ಕೆ ಹಿಡಿತ. ಎರಡು, ಹೊಳಪಿಗಾಗಿ ಎನಾಮಲ್ ಬಣ್ಣ. ಎನಾಮಲ್ ಗೇಟಿಗೆ, ಕಿಟಕಿಯ ಸರಳಿಗೆ. ಉಸಿರಾಡುವ ಗೋಡೆಗೆ ಹಚ್ಚಿದರೆ ಮೊದಲ ಮಳೆಗಾಲಕ್ಕೇ ಸುಲಿಯುತ್ತದೆ. ಹೊರಗೋಡೆಯ ಅಕ್ರಿಲಿಕ್ ಪ್ರೈಮರ್ ಒಂದು ಸಲ, ಹೊರಗೋಡೆಯ ಬಿಳಿ ಎಮಲ್ಷನ್ ಎರಡು ಸಲ, ನಡುನಡುವೆ ನಾಲ್ಕರಿಂದ ಆರು ಗಂಟೆ ಬಿಡುವು, ಅದರ ಮೇಲೆ ಚಿತ್ರ. ಕೊನೆಗೆ ವಾರ್ನಿಷ್ ಬೇಕೇ ಎಂದು ಕೇಳುವವರಿದ್ದಾರೆ. ಪೂರ್ತಿ ಆರಿದ ಗೋಡೆಗೆ ಮ್ಯಾಟ್ ಅಕ್ರಿಲಿಕ್ ಕ್ಲಿಯರ್ ಕೋಟ್ ಆದೀತು, ಸಂಶಯವಿದ್ದರೆ ಬೇಡವೇ ಬೇಡ. ತೇವ ಸಿಕ್ಕಿಕೊಂಡು ಚಿತ್ರವೆಲ್ಲ ಹಾಲಿನ ಕೆನೆ ಕಟ್ಟಿದಂತೆ ಮಂಕಾಗುತ್ತದೆ.

ಕಾಲದ ವಿಷಯದಲ್ಲಿ ಯಕ್ಷಗಾನ ಮೇಳಗಳ ಲೆಕ್ಕವನ್ನೇ ಇಟ್ಟುಕೊಳ್ಳಿ. ಮಳೆಗಾಲ ಮುಗಿದು ಮೇಳ ಹೊರಟ ಮೇಲೆ ಗೋಡೆ ತೊಳೆಯಿರಿ, ಪತ್ತನಾಜೆಗೆ (ಮೇ ಕೊನೆಯ ವಾರ, ಮೇಳಗಳ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚುವ ಮೊದಲೇ ಬಣ್ಣದ ಡಬ್ಬಿ ಮುಚ್ಚಿ. ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಉತ್ತಮ. ನೀವು ಜನವರಿಯಲ್ಲಿ ಮಾಡಿದ್ದು ತಪ್ಪಲ್ಲ, ಆದರೆ ಚಳಿಗಾಲದಲ್ಲಿ ಇಬ್ಬನಿಯಿಂದ ಗೋಡೆ ಬೆಳಗ್ಗೆ ಒದ್ದೆಯಿರುತ್ತದೆ, ಮುಟ್ಟಿ ನೋಡಿಯೇ ಶುರುಮಾಡಬೇಕು. ಸಂಜೆ ಐದರ ಒಳಗೆ ನಿಲ್ಲಿಸಿ. ಅರೆ ಆರಿದ ಬಣ್ಣದ ಮೇಲೆ ಇಬ್ಬನಿ ಬಿದ್ದರೆ ಗಾಢ ನೀಲಿ, ಕಪ್ಪಿನ ಮೇಲೆ ಜಿಡ್ಡು ಇಳಿದಂತೆ ಹೊಳೆಯುವ ಗೆರೆಗಳು ಮೂಡುತ್ತವೆ. ಅವು ಹೊಸ ಬಣ್ಣದ್ದಾದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ, ಗಾಬರಿ ಬೇಡ.

ಪ್ರಶ್ನೆ: ಅರುವತ್ತು ಅಡಿ ಉದ್ದ, ಆರಡಿ ಎತ್ತರದ ಗೋಡೆಗೆ ಎಷ್ಟು ಬಣ್ಣ ಬೇಕು? ಯುವಕ ಮಂಡಲದ ಮೂವತ್ತು ಮಂದಿ ತಯಾರಿದ್ದಾರೆ. ಆದರೆ ಚಿತ್ರ ಬಿಡಿಸಲು ಬರುವವರು ಇಬ್ಬರೇ.
— ಯುವಕ ಮಂಡಲದ ಕಾರ್ಯದರ್ಶಿ, ಮೂಲ್ಕಿ

ಉತ್ತರ: ಇಬ್ಬರು ಸಾಕು. ಗೋಡೆ 360 ಚದರಡಿ. ಪ್ರೈಮರ್ ನಾಲ್ಕು ಲೀಟರ್. ಬಿಳಿ ಎಮಲ್ಷನ್ ಎರಡು ಸಲ ಹಚ್ಚಲು ಲೀಟರಿಗೆ ಐವತ್ತರಿಂದ ಅರುವತ್ತು ಚದರಡಿ ಎಂದು ಹಿಡಿದರೆ ಏಳು ಲೀಟರ್, ಚಿತ್ರಕ್ಕೆ ಬೆರೆಸಲು ಮತ್ತೆ ಮೂರು, ಹಾಗಾಗಿ ಹತ್ತು ತನ್ನಿ. ಕೆಂಪು, ಹಳದಿ, ನೀಲಿ, ಹಸಿರು, ಕಪ್ಪು ಎಮಲ್ಷನ್ ಒಂದೊಂದು ಲೀಟರ್. ಕೆಳಗಿನ ಪಟ್ಟಿಗೆ ಕಾವಿ ಕೆಂಪು ಎರಡೂವರೆ ಲೀಟರ್. ಗೋಡೆ ಬಹಳ ಒರಟಾಗಿದ್ದರೆ ಎಲ್ಲಕ್ಕೂ ಕಾಲು ಭಾಗ ಸೇರಿಸಿ. ಖರ್ಚು ಉಳಿಸಲು ಬಿಳಿಗೆ ಸ್ಟೇನರ್ (ಬಣ್ಣ ಬರಿಸುವ ಗಾಢ ದ್ರವ) ಹಾಕಿ ಬಣ್ಣ ಮಾಡುವವರು ಲೀಟರಿಗೆ 30 ಮಿಲಿಲೀಟರ್ ದಾಟಬೇಡಿ. ಮಿತಿಮೀರಿದರೆ ಪದರ ಗಟ್ಟಿಯಾಗದೆ ಮುಟ್ಟಿದ ಕೈಗೆ ಬಣ್ಣ ಹತ್ತುತ್ತದೆ. ಗಾಢ ಬಣ್ಣ ಬೇಕಾದರೆ ಅಂಗಡಿಯಲ್ಲೇ ಯಂತ್ರದಲ್ಲಿ ಬೆರೆಸಿಕೊಂಡು ಬನ್ನಿ.

ಯಾವ ಬಣ್ಣ ಉಳಿಯುತ್ತದೆ ಎಂಬುದೂ ಮುಖ್ಯ. ಕಾವಿ ಕೆಂಪು, ಮಣ್ಣಿನ ಹಳದಿ, ಕಪ್ಪು ಬಿಸಿಲಿಗೆ ಜಗ್ಗುವುದಿಲ್ಲ. ಗಾಢ ನೀಲಿ, ಗಾಢ ಹಸಿರೂ ಚೆನ್ನಾಗಿ ತಾಳುತ್ತವೆ. ಗುಲಾಬಿ, ನೇರಳೆ, ನಿಂಬೆ ಹಳದಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಎರಡು ಬೇಸಿಗೆ ಕಳೆಯುವುದರೊಳಗೆ ಪೇಲವವಾಗುತ್ತವೆ. ಚಿತ್ರದ ಜೀವ ನಿಂತಿರುವ ಕಡೆ ಅವನ್ನು ಹಾಕಬೇಡಿ.

ಚಿತ್ರವನ್ನು ಕಾಗದದಲ್ಲಿ ಒಂದು ಇಂಚಿಗೆ ಒಂದು ಅಡಿಯಂತೆ ಬರೆಯಿರಿ: 60 ಇಂಚು ಉದ್ದ, 6 ಇಂಚು ಎತ್ತರ. ಕಾಗದಕ್ಕೂ ಗೋಡೆಗೂ ಚೌಕ ಹಾಕಿ. ಗೋಡೆಯ ಗೆರೆಗೆ ಮೇಸ್ತ್ರಿಗಳು ಮಾಡುವಂತೆ ಬಣ್ಣದ ಹುಡಿ ಹಚ್ಚಿದ ನೂಲು ಎಳೆದು ಬಡಿಯಿರಿ, ಅರ್ಧ ಗಂಟೆಯ ಕೆಲಸ. ಇಬ್ಬರು ಚಿತ್ರಗಾರರು ಒಂದು ದಿನ ಕೂತು ಹೊರಗೆರೆಗಳನ್ನು ಎಳೆಯಲಿ, ಪ್ರತಿ ಭಾಗದೊಳಗೆ ಸಣ್ಣದಾಗಿ ಬಣ್ಣದ ಸಂಖ್ಯೆ ಬರೆಯಲಿ. ಗೆರೆಗೆ ಸೀಮೆಸುಣ್ಣ ಸಾಕು. ಇದ್ದಿಲು ತಿಳಿ ಬಣ್ಣದೊಳಗೆ ಕಲಸಿ ಕೊಳೆ ಮಾಡುತ್ತದೆ, ಮೇಣದ ಬಳಪದ ಮೇಲೆ ಎಮಲ್ಷನ್ ಹಿಡಿಯುವುದೇ ಇಲ್ಲ. ಮರುದಿನ ಉಳಿದವರು ಸಂಖ್ಯೆ ನೋಡಿ ತುಂಬಲಿ.

ಮೂವತ್ತು ಮಂದಿಯನ್ನು ಒಟ್ಟಿಗೆ ಗೋಡೆಗೆ ಬಿಡಬೇಡಿ. ಒಬ್ಬರಿಗೆ ನಾಲ್ಕಡಿ ಜಾಗ ಬೇಕು, ಅಂದರೆ ಹದಿನೈದು ಮಂದಿಯ ಎರಡು ತಂಡ. ಒಂದು ತಂಡ ಬೆಳಗ್ಗೆ ಬಿಸಿಲೇರುವ ಮೊದಲು, ಇನ್ನೊಂದು ಗೋಡೆಗೆ ನೆರಳು ಬಂದ ಮೇಲೆ. ಕಾದ ಗೋಡೆಯಲ್ಲಿ ಬಣ್ಣ ಬ್ರಷ್ಷಿನಲ್ಲೇ ಒಣಗಿ ಗೀರು ಗೀರಾಗುತ್ತದೆ. ಬಣ್ಣವನ್ನು ಕಾಲು ಲೀಟರಿನಷ್ಟೇ ಸಣ್ಣ ಡಬ್ಬಿಗೆ ಹಾಕಿಕೊಡಿ. ಡಬ್ಬಿ ಉರುಳುವುದು ಖಂಡಿತ, ಉರುಳಿದರೂ ನಷ್ಟ ಕಾಲು ಲೀಟರ್ ಮಾತ್ರ. ಮುಖ, ಕೈಬೆರಳು, ಅಕ್ಷರ ಈ ಮೂರನ್ನು ಆ ಇಬ್ಬರಿಗೇ ಬಿಡಿ. ಕೊನೆಯ ದಿನ ಕಪ್ಪು ಹೊರಗೆರೆ ಎಳೆದಾಗ ತುಂಬಿದವರು ಆಚೀಚೆ ಮಾಡಿದ್ದೆಲ್ಲ ಅದರಡಿಗೆ ಸೇರುತ್ತದೆ. ರಸ್ತೆ ಬದಿಯಾದರೆ ಎರಡೂ ತುದಿಗೆ ಒಬ್ಬೊಬ್ಬರು ದೊಡ್ಡವರು ಕೆಂಪು ಬಾವುಟ ಹಿಡಿದು ನಿಂತಿರಲಿ, ಮೂರ್ತಿ ಮಾಡಿ ನಿಲ್ಲಿಸಿದಂತೆ ಅಲ್ಲ, ಬರುವ ಬಸ್ಸನ್ನು ನೋಡುತ್ತ.

ಆ ಸಂಖ್ಯೆ ತುಂಬುವ ಕೆಲಸವನ್ನು ಕಡೆಗಣಿಸಬೇಡಿ. ತನ್ನ ಕೈಯಾಡಿದ ಗೋಡೆಗೆ ಯಾರಾದರೂ ಪೋಸ್ಟರ್ ಅಂಟಿಸಲು ಬಂದರೆ ತಡೆಯುವವನು ಎಂಟನೇ ನಂಬರಿನ ಹಸಿರು ತುಂಬಿದ ಹುಡುಗನೇ.

ಪ್ರಶ್ನೆ: ಬಸ್ ನಿಲ್ದಾಣದ ಪಕ್ಕದ ಗೋಡೆಗೆ ಜನ ಮೂತ್ರ ಮಾಡುತ್ತಾರೆ. ದೇವರ ಚಿತ್ರ ಬಿಡಿಸಿದರೆ ನಿಲ್ಲುತ್ತದಲ್ಲವೇ?
— ಅಂಗಡಿ ಮಾಲಕರು, ಬಂಟ್ವಾಳ

ಉತ್ತರ: ದಯವಿಟ್ಟು ಬೇಡ. ದೇವರನ್ನು, ದೈವವನ್ನು ಹೊಲಸಿಗೆ ಕಾವಲು ನಿಲ್ಲಿಸಿದಂತಾಗುತ್ತದೆ. ತುಳುನಾಡಿನಲ್ಲಿ ದೈವದ ಮುಖವರ್ಣಿಕೆ, ಬೆನ್ನಿಗೆ ಕಟ್ಟುವ ಅಣಿ ಇವು ಅಲಂಕಾರದ ವಸ್ತುಗಳಲ್ಲ, ಅವಕ್ಕೆ ಕಟ್ಟುಕಟ್ಟಳೆ ಇದೆ. ಮೂರು ಧರ್ಮದ ಚಿಹ್ನೆ ಸಾಲಾಗಿ ಹಾಕಿದರೂ ಅಷ್ಟೇ, ಯಾವನೋ ಒಬ್ಬ ಕತ್ತಲಲ್ಲಿ ತಪ್ಪು ಮಾಡಿದರೆ ಊರಿಗೆ ಊರೇ ಕದಡುತ್ತದೆ. ಮೂತ್ರಕ್ಕೆ ಪರಿಹಾರ ಶೌಚಾಲಯ. ಹತ್ತಿರದ್ದು ಎಲ್ಲಿದೆ, ಎಷ್ಟು ಹೆಜ್ಜೆ ಎಂದು ಬಾಣ ಹಾಕಿ ದೊಡ್ಡದಾಗಿ ಬರೆಸಿ, ಇಲ್ಲದಿದ್ದರೆ ಪುರಸಭೆಗೆ ಅರ್ಜಿ ಕೊಡಿ. ಗೋಡೆಗೆ ದೀಪ, ಬುಡಕ್ಕೆ ಕೂರಲು ಕಲ್ಲುಬೆಂಚು ಬರಲಿ. ಜನ ಕೂತು ಮಾತಾಡುವ ಕಡೆ ಯಾರೂ ಮೂತ್ರಕ್ಕೆ ನಿಲ್ಲುವುದಿಲ್ಲ.

ಅಕ್ಷರ ಬರೆಸುವಾಗ ಅಂದಾಜಿನ ಲೆಕ್ಕ: ಹತ್ತಡಿ ದೂರಕ್ಕೆ ಒಂದು ಇಂಚು ಎತ್ತರ. ನಲ್ವತ್ತು ಅಡಿ ಆಚೆಯಿಂದ ಓದಬೇಕಾದರೆ ಮೂಲ ಅಕ್ಷರವೇ ನಾಲ್ಕು ಇಂಚು, ಒತ್ತಕ್ಷರಕ್ಕೆ ಕೆಳಗೆ ಅದರ ಅರ್ಧದಷ್ಟಾದರೂ ಜಾಗ ಬೇಕು. ಇಂಗ್ಲಿಷಿಗೆ ಹಾಕುವಷ್ಟೇ ಅಂತರ ಕನ್ನಡಕ್ಕೂ ಬಿಟ್ಟರೆ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಪ್ರಶ್ನೆ: ನಮ್ಮ ಓಣಿಗೆ ಯಾವ ಚಿತ್ರ ಒಳ್ಳೆಯದು? ಎಲ್ಲ ಕಡೆ ಯಕ್ಷಗಾನ, ಕಂಬಳ ನೋಡಿ ಸಾಕಾಗಿದೆ.
— ಓದುಗರು, ಮಲ್ಪೆ

ಉತ್ತರ: ಸಾಕಾಗಿರುವುದು ಯಕ್ಷಗಾನ, ಕಂಬಳ ಅಲ್ಲ, ನೋಡದೆ ಬಿಡಿಸಿದ ಯಕ್ಷಗಾನ, ಕಂಬಳ. ಬಡಗಿನ (ಉತ್ತರದ ಶೈಲಿಯ) ಮುಂಡಾಸು ಕಟ್ಟಿ ಮೈಗೆ ತೆಂಕಿನ (ದಕ್ಷಿಣದ ಶೈಲಿಯ) ಉಡುಗೆ ತೊಡಿಸಿದ ವೇಷ ಉಡುಪಿಯ ರಸ್ತೆಯಲ್ಲಿದ್ದರೆ ಹಾದುಹೋಗುವ ಪ್ರತಿಯೊಬ್ಬ ಹಿರಿಯರೂ ಒಮ್ಮೆ ನೊಂದುಕೊಳ್ಳುತ್ತಾರೆ. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ಭೇದವಿದೆ. ಓಡಿಸುವವರು ಹಲಗೆಯ ಮೇಲೆ ನಿಲ್ಲುವುದು ಕೊನೆಯ ಎರಡರಲ್ಲಿ ಮಾತ್ರ, ನೀರು ಕಾರಂಜಿಯಂತೆ ಮೇಲೆ ಚಿಮ್ಮುವುದು ತೂತಿರುವ ಕನೆ ಹಲಗೆಯಲ್ಲಿ. ನೇಗಿಲು ಕಟ್ಟಿ, ಅದರ ಮೇಲೆ ಮನುಷ್ಯನನ್ನು ನಿಲ್ಲಿಸಿ, ಆಳೆತ್ತರ ಕಾರಂಜಿ ಬಿಡಿಸಿದ ಗೋಡೆ ಗೊತ್ತಿರುವವರಿಗೆ ಹಿಡಿಸುವುದಿಲ್ಲ.

ಮಲ್ಪೆಗೆ ಮಲ್ಪೆಯದ್ದೇ ಇದೆಯಲ್ಲ. ಕೈರಂಪಣಿ ಬಲೆ ಎಳೆಯುವ ಸಾಲು, ಬುಟ್ಟಿ ಹೊತ್ತ ಮೊಗವೀರ ಹೆಂಗಸರು, ಬಲೆ ಹೆಣೆಯುವ ಬೆರಳುಗಳು. ಬಂಗುಡೆಯ ಬೆನ್ನಿಗೆ ಉದ್ದುದ್ದ ಗೆರೆಗಳಿವೆ, ಬೂತಾಯಿಗೆ ಇಲ್ಲ. ಹೊರಗಿನ ಚಿತ್ರಗಾರರು ಎಲ್ಲ ಮೀನನ್ನೂ ಒಂದೇ ಥರ ಬರೆಯುತ್ತಾರೆ, ಓಣಿಯ ಏಳು ವರ್ಷದ ಮಗು ಕೂಡ ಅದನ್ನು ತಿದ್ದಬಲ್ಲದು. ತಿದ್ದಲಿ. ಪಕ್ಕದ ಮಟ್ಟುವಿನ ಗುಳ್ಳ ಗುಂಡಗೆ, ತಿಳಿ ಹಸಿರು, ತೊಟ್ಟಿಗೆ ಮುಳ್ಳು. ನೇರಳೆ ಬದನೆ ಬರೆದು ಮಟ್ಟುಗುಳ್ಳ ಎಂದರೆ ಆಗದು.

ಆಯ್ಕೆಯ ಕ್ರಮ ಹೀಗಿರಲಿ. ಓಣಿಯವರನ್ನು ಒಂದು ಭಾನುವಾರ ಸಂಜೆ ಗೋಡೆಯೆದುರೇ ಕೂರಿಸಿ. ಸಭಾಂಗಣಕ್ಕೆ ಕರೆದರೆ ಗಂಡಸರು ಮಾತ್ರ ಬರುತ್ತಾರೆ. ‘ಯಾವ ಚಿತ್ರ ಬೇಕು’ ಎಂದು ಕೇಳಬೇಡಿ, ಉತ್ತರ ನವಿಲು, ಸೂರ್ಯೋದಯ ಎಂದೇ ಬರುತ್ತದೆ. ‘ಈ ಓಣಿಯಲ್ಲಿ ಮೊದಲು ಏನಿತ್ತು, ಈಗ ಏನಿಲ್ಲ’ ಎಂದು ಕೇಳಿ. ಬಾವಿ, ಮರ, ಹಳೆಯ ದೋಣಿ ಒಂದೊಂದೇ ಹೊರಬರುತ್ತವೆ. ಮೂರು ಕರಡು ಮಾಡಿ ಹತ್ತಿರದ ಅಂಗಡಿಯಲ್ಲಿ ಹದಿನೈದು ದಿನ ತೂಗುಹಾಕಿ, ಕೆಳಗೆ ಅಭಿಪ್ರಾಯ ಬರೆಯಲು ಪುಸ್ತಕ ಇಡಿ. ಗೋಡೆಯ ಎದುರು ಮನೆಯವರ ಒಪ್ಪಿಗೆ ಬೇರೆಯಾಗಿಯೇ ಬೇಕು, ದಿನವೂ ಬಾಗಿಲು ತೆರೆದರೆ ನೋಡಬೇಕಾದವರು ಅವರು. ಬದುಕಿರುವವರ ಮುಖ ಬಿಡಿಸುವುದಾದರೆ ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಯಾರ ಅನುಮತಿ ಬೇಕು? ಸರಕಾರಿ ಗೋಡೆಗೆ ಚಿತ್ರ ಬಿಡಿಸುವುದು ಅಪರಾಧವೇ?
— ಕಾಲೇಜು ವಿದ್ಯಾರ್ಥಿ, ಸುರತ್ಕಲ್

ಉತ್ತರ: ಒಪ್ಪಿಗೆ ಇಲ್ಲದೆ ಮಾಡಿದರೆ ತೊಂದರೆಯಿದೆ. ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕಾಯ್ದೆಯ ಪ್ರಕಾರ, ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ಸ್ಥಳೀಯ ಆಡಳಿತದ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಬರೆದರೆ, ಅಂಟಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಮ್ಮ ಚಿತ್ರ ಜಾಹೀರಾತು ಅಲ್ಲ ಎಂದು ಪೊಲೀಸರೆದುರು ವಾದಿಸುವುದಕ್ಕಿಂತ ಕಾಗದ ಕೈಯಲ್ಲಿರುವುದು ಒಳ್ಳೆಯದು.

ಗೋಡೆ ಯಾರದ್ದು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ, ಬಹಳ ಮಂದಿ ತಪ್ಪು ಕಚೇರಿಗೆ ಅಲೆಯುತ್ತಾರೆ. ವಾರ್ಡು ರಸ್ತೆಯ ಗೋಡೆಗೆ ಮಹಾನಗರ ಪಾಲಿಕೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲ್ಸೇತುವೆ, ಕೆಳದಾರಿಗಳಿಗೆ ಹೆದ್ದಾರಿ ಪ್ರಾಧಿಕಾರ. ರೈಲಿನ ವಿಷಯ ಇನ್ನೂ ಸೂಕ್ಷ್ಮ: ಮಂಗಳೂರು ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದರೆ, ನಿಮ್ಮ ಸುರತ್ಕಲ್, ಮುಂದೆ ಮೂಲ್ಕಿ, ಉಡುಪಿ ನಿಲ್ದಾಣಗಳು ಕೊಂಕಣ ರೈಲ್ವೆಗೆ. ಸರಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಜತೆ ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ, ಹಳ್ಳಿಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿ. ಅರ್ಜಿಯ ಜತೆ ಗೋಡೆಯ ಈಗಿನ ಫೋಟೋ, ಅಳತೆ, ಬಣ್ಣ ಹಾಕಿದ ಕರಡು, ಕೆಲಸದ ದಿನಾಂಕ, ಮುಂದೆ ನೋಡಿಕೊಳ್ಳುವವರು ಯಾರು ಎಂಬುದನ್ನು ಒಂದು ಪುಟದಲ್ಲಿ ಕೊಡಿ. ಈ ಕೊನೆಯ ಸಾಲು ಇರುವ ಅರ್ಜಿಗೆ ಅಧಿಕಾರಿಗಳು ಬೇಗ ಒಪ್ಪುತ್ತಾರೆ.

ಹಣ ಕೊಟ್ಟ ಅಂಗಡಿಯ ಹೆಸರು ಒಂದಡಿ ಚೌಕದೊಳಗೆ, ಮೂಲೆಯಲ್ಲಿ ಇರಲಿ. ದೊಡ್ಡದಾದರೆ ಚಿತ್ರ ಜಾಹೀರಾತೇ ಆಗುತ್ತದೆ. ರಾಜಕಾರಣಿಗಳ ಮುಖ, ಪಕ್ಷದ ಗುರುತು ಬೇಡ, ಚುನಾವಣಾ ನೀತಿಸಂಹಿತೆ ಬಂದಾಗ ಸರಕಾರಿ ಗೋಡೆಯಿಂದ ಅವನ್ನು ಅಳಿಸುತ್ತಾರೆ, ಜತೆಗೆ ಚಿತ್ರವೂ ಹೋಗುತ್ತದೆ.

ಪ್ರಶ್ನೆ: ನಾನು ಬಿಡಿಸಿದ ಗೋಡೆಚಿತ್ರವನ್ನು ಕಟ್ಟಡದವರು ಹೇಳದೆ ಕೇಳದೆ ಬಿಳಿ ಬಳಿದರು. ನನಗೇನಾದರೂ ಹಕ್ಕು ಇದೆಯೇ?
— ಚಿತ್ರಗಾರರು, ಮಣಿಪಾಲ

ಉತ್ತರ: ಸ್ವಲ್ಪ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ, ಹಣ ಪಡೆದು ಬೇರೆಯವರ ಬೇಡಿಕೆಯ ಮೇರೆಗೆ ಬಿಡಿಸಿದ ಚಿತ್ರದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬಿಡಿಸಿಕೊಂಡವರದ್ದೇ. ಆದರೆ 57ನೇ ಕಲಮು ಕಲಾವಿದರಿಗೆ ಬೇರೆಯೇ ರಕ್ಷಣೆ ಕೊಡುತ್ತದೆ: ನಿಮ್ಮ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಪ್ರಶ್ನಿಸಬಹುದು. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಕಿತ್ತು ಹಾಳುಗೆಡವಿದ ಕಂಚಿನ ಭಿತ್ತಿಶಿಲ್ಪದ ವಿಷಯದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರಿಗೆ ದೆಹಲಿ ಹೈಕೋರ್ಟ್ 2005ರಲ್ಲಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೋರ್ಟಿಗೆ ಹೋಗುವುದು ದೂರದ ದಾರಿ. ಮುಂದಿನ ಸಲ ಕೆಲಸಕ್ಕೆ ಮೊದಲೇ ಒಂದು ಪುಟ ಬರೆಸಿಕೊಳ್ಳಿ: ಚಿತ್ರವನ್ನು ಕನಿಷ್ಠ ಎಷ್ಟು ವರ್ಷ ಉಳಿಸಬೇಕು, ಅಳಿಸುವುದಾದರೆ ಒಂದು ತಿಂಗಳು ಮೊದಲು ತಿಳಿಸಬೇಕು, ಫೋಟೋ ಬಳಸಿದರೆ ಹೆಸರು ಹಾಕಬೇಕು.

ಪ್ರಶ್ನೆ: ನಮ್ಮ ಓಣಿಯಲ್ಲಿ ನೂರು ವರ್ಷದ ಹಂಚಿನ ಮನೆ, ಸುಣ್ಣದ ಗಾರೆಯ ಗೋಡೆ. ಅದಕ್ಕೆ ಚಿತ್ರ ಬಿಡಿಸಬಹುದೇ?
— ಗೃಹಿಣಿ, ಉಡುಪಿ

ಉತ್ತರ: ಎಮಲ್ಷನ್ ಬೇಡ. ಸುಣ್ಣದ ಗೋಡೆ ತೇವ ಕುಡಿದು ತೇವ ಬಿಡುತ್ತಲೇ ನೂರು ವರ್ಷ ನಿಂತದ್ದು. ಪ್ಲಾಸ್ಟಿಕ್ಕಿನಂಥ ಪದರ ಹಚ್ಚಿದರೆ ಗಾರೆ ಒಳಗೇ ಪುಡಿಯಾಗುತ್ತದೆ. ಸುಣ್ಣದ್ದೇ ಬಣ್ಣ ಮಾಡಿ. ನೆನೆಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ ಹಾಲಿನ ಹದಕ್ಕೆ ತಂದು, ಸುಣ್ಣದ ತೂಕದ ಹತ್ತನೇ ಒಂದು ಪಾಲಿಗೆ ಮೀರದಂತೆ ಕಾವಿ ಅಥವಾ ಹಳದಿ ಮಣ್ಣಿನ ಹುಡಿ ಬೆರೆಸಿ. ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ನಾಲ್ಕು ಸಲ ಹಚ್ಚಿ, ಪ್ರತಿ ಸಲ ಒಂದು ದಿನ ಬಿಡುವು. ದಪ್ಪ ಹಚ್ಚಿದರೆ ಬಿರುಕು ಬಿಟ್ಟು ಹುಡಿ ಉದುರುತ್ತದೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ಎಚ್ಚರ.

ನಿಮ್ಮ ಕಡೆಯದ್ದೇ ಒಂದು ಹಳೆಯ ದಾರಿಯಿದೆ, ಕಾವಿ ಕಲೆ. ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾಣುವಂಥದ್ದು. ಬಿಳಿ ಸುಣ್ಣದ ಗಾರೆಯ ಮೇಲೆ ಕಾವಿಯ ಪದರ ಕೊಟ್ಟು, ಹಸಿಯಿರುವಾಗಲೇ ಉಕ್ಕಿನ ಕಂಟದಿಂದ ಕೆರೆದರೆ ಅಡಿಯ ಬಿಳಿ ಹೊರಬಂದು ಚಿತ್ರವಾಗುತ್ತದೆ. ಸೂರಿನ ಅಡಿ ಇರುವ ಜಗಲಿಯ ಗೋಡೆಗೆ ಇದರಷ್ಟು ಒಪ್ಪುವುದು ಇನ್ನೊಂದಿಲ್ಲ, ಸೂರು ಮುಖ್ಯ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಆರಂಭಿಸಿದ ಭಿತ್ತಿಚಿತ್ರಗಳು ಇಂದಿಗೂ ಇರುವುದು ಸೂರಿನಡಿ ಇರುವುದರಿಂದ, ಮತ್ತೆ ಮತ್ತೆ ಆರೈಕೆ ಕಂಡದ್ದರಿಂದ.

ಪ್ರಶ್ನೆ: ಗೋಡೆಚಿತ್ರದಿಂದ ಊರಿಗೆ ಒಳ್ಳೆಯದಾಗುತ್ತದೆ ಎಂಬುದಕ್ಕೆ ಪುರಾವೆ ಇದೆಯೇ, ಅಥವಾ ಫೋಟೋಕ್ಕೆ ಮಾತ್ರ ಚಂದವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆಗೀಚಾಟ ತಡೆಯಲೆಂದು ಶುರುವಾದ ಯೋಜನೆಯೊಂದು, ಗೀಚುತ್ತಿದ್ದ ಹುಡುಗರ ಕೈಗೇ ಬ್ರಷ್ ಕೊಟ್ಟಿತು. ಇಂದು ಅದು ಆ ನಗರದ ದೊಡ್ಡ ಗೋಡೆಚಿತ್ರ ಸಂಸ್ಥೆ. ಮಾನಸಿಕ ಕಾಯಿಲೆ, ವ್ಯಸನದಿಂದ ಬಳಲಿದವರೂ ನೆರೆಯವರೂ ಒಟ್ಟಿಗೆ ಕೂತು ಗೋಡೆ ಮಾಡಿದ ಅದರ ಒಂದು ಕಾರ್ಯಕ್ರಮವನ್ನು ಯೇಲ್ ವೈದ್ಯಕೀಯ ಶಾಲೆಯ ಸಂಶೋಧಕರು ಅಧ್ಯಯನ ಮಾಡಿ 2015ರಲ್ಲಿ ವರದಿ ಕೊಟ್ಟರು. ಹೊಸ ಗೋಡೆಚಿತ್ರಗಳ ಆಸುಪಾಸಿನ ಜನರಲ್ಲಿ ‘ನಮ್ಮ ಬೀದಿಗೆ ನಾವೇ ಕೂಡಿ ಏನಾದರೂ ಮಾಡಬಲ್ಲೆವು’ ಎಂಬ ನಂಬಿಕೆ ಹೆಚ್ಚಿತ್ತು, ಕಾಯಿಲೆಯವರನ್ನು ಕೀಳಾಗಿ ಕಾಣುವುದು ಕಡಿಮೆಯಾಗಿತ್ತು. ಅಲ್ಲಿ ಫಲ ಕೊಟ್ಟದ್ದು ಬಣ್ಣಕ್ಕಿಂತ ಹೆಚ್ಚಾಗಿ ತಿಂಗಳುಗಟ್ಟಲೆ ನಡೆದ ಕೂಟ ಎಂಬುದು ನಮ್ಮ ಅಭಿಪ್ರಾಯ. ಗುತ್ತಿಗೆದಾರರು ಎರಡು ದಿನದಲ್ಲಿ ಮುಗಿಸಿ ಹೋಗುವ ಗೋಡೆಯಿಂದ ಅದೇ ಫಲ ನಿರೀಕ್ಷಿಸಬೇಡಿ. ನಿಮ್ಮ ಬೀದಿಯಲ್ಲಿ ಅಳೆಯುವುದು ಕಷ್ಟವಲ್ಲ: ಚಿತ್ರಕ್ಕೆ ಮೊದಲು ಒಂದು ವಾರ, ಆರು ತಿಂಗಳ ನಂತರ ಒಂದು ವಾರ, ಒಂದೇ ಹೊತ್ತಿಗೆ ಹೋಗಿ ಕಸದ ಚೀಲ ಎಷ್ಟು, ಸಂಜೆ ಅಲ್ಲಿ ನಿಂತು ಮಾತಾಡುವವರು ಎಷ್ಟು ಎಂದು ಬರೆದಿಡಿ.

ಪ್ರಶ್ನೆ: ಗೋಡೆಯ ಜತೆ ಸಾಲುಮರಗಳ ಕಾಂಡಕ್ಕೂ ಬಣ್ಣ ಹಚ್ಚಬಹುದೇ?
— ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಬೇಡ. ತೊಗಟೆಯಲ್ಲಿ ಗಾಳಿಯಾಡುವ ಸಣ್ಣ ರಂಧ್ರಗಳಿವೆ, ಬಣ್ಣ ಅವನ್ನು ಮುಚ್ಚುತ್ತದೆ. ಮರದ ನೆರಳು ಬೀಳುವ ಜಾಗವನ್ನು ಗೋಡೆಯಲ್ಲಿ ಖಾಲಿ ಬಿಡಿ, ನಾಲ್ಕು ಗಂಟೆಯ ಬಿಸಿಲಿಗೆ ಅದೇ ಚಿತ್ರವಾಗುತ್ತದೆ.

ಪ್ರಶ್ನೆ: ಬ್ರಷ್ ತೊಳೆದ ನೀರು, ಉಳಿದ ಬಣ್ಣ ಏನು ಮಾಡುವುದು?
— ಎನ್ಎಸ್ಎಸ್ ಸ್ವಯಂಸೇವಕ, ಮಂಗಳೂರು

ಉತ್ತರ: ಚರಂಡಿಗೆ ಚೆಲ್ಲಬೇಡಿ, ನಮ್ಮ ಚರಂಡಿಗಳು ಕೊನೆಗೆ ಸೇರುವುದು ಹೊಳೆಗೆ, ಕಡಲಿಗೆ. ತೊಳೆಯುವ ಮೊದಲು ಬ್ರಷ್ಷನ್ನು ಹಳೆ ಪತ್ರಿಕೆಗೆ ಚೆನ್ನಾಗಿ ಒರೆಸಿದರೆ ಅರ್ಧ ಬಣ್ಣ ಅಲ್ಲೇ ಹೋಗುತ್ತದೆ. ಎರಡು ಬಕೆಟ್ ಇಟ್ಟು ಒಂದರಲ್ಲಿ ತೊಳೆದು ಇನ್ನೊಂದರಲ್ಲಿ ಅದ್ದಿ. ಮೊದಲನೆಯದನ್ನು ಎರಡು ದಿನ ಅಲ್ಲಾಡಿಸದೆ ಇಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ನೀರು ಮುಂದಿನ ಸಲದ ಬ್ರಷ್ ತೊಳೆಯಲು ಬರುತ್ತದೆ. ತಳದ ರಾಡಿಯನ್ನು ಬಿಸಿಲಿಗೆ ಒಣಗಿಸಿ, ಪೊರೆಯಂತೆ ಎದ್ದದ್ದನ್ನು ಒಣಕಸದವರಿಗೆ ಕೊಡಿ. ಉಳಿದ ಬಣ್ಣದ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, ಮೇಲೆ ಗೋಡೆಯ ಹೆಸರು, ತಿಂಗಳು ಬರೆದು ತಂಪಾದ ಕಡೆ ಇಡಿ. ಅಕ್ಟೋಬರಿನಲ್ಲಿ ಗೋಡೆ ತೊಳೆದು ತೇಪೆ ಹಾಕುವಾಗ ಅದೇ ಬಣ್ಣ ಬೇಕಾಗುತ್ತದೆ.